ಕೇಳಿದ ದಿನದಿಂದ ಸೂತಕ

ಯಾರಾದರೂ ನನ್ನನ್ನು ‘ಇವರು ಸೈಪ್ರಸ್ ಸುತ್ತಿ ಬಂದವರು’ ಎಂದು ಪರಿಚಯ ಮಾಡಿಕೊಟ್ಟರೆ ನನಗೆ ಮೈ ಉರಿಯುತ್ತದೆ. ನೆಂಟರ ಮದುವೆ, ಉಪನಯನಗಳಲ್ಲಿ ಇದು ಈಗಲೂ ನಡೆಯುತ್ತಿದೆ. ಎದುರಿಗಿದ್ದವರು ಕೂಡಲೇ, “ಹೌದಾ? ಫೋಟೋ ಉಂಟಾ?” ಎಂದು ಕೈ ಚಾಚುತ್ತಾರೆ. ಫೋನು ನೀರಿಗೆ ಬಿತ್ತು, ಎಲ್ಲ ಹೋಯಿತು ಎಂದು ಹೇಳಿ ಮಾತು ಮುಗಿಸುತ್ತೇನೆ. ಫೋನು ನೀರಿಗೆ ಬಿದ್ದಿಲ್ಲ. ಆ ನಾಲ್ಕು ದಿನಗಳ ಫೋಟೋಗಳೆಲ್ಲ ಅದರಲ್ಲಿ ಹಾಗೆಯೇ ಇವೆ. ಅಳಿಸಲು ಕೈ ಬರುವುದಿಲ್ಲ, ತೆರೆದು ನೋಡುವ ಧೈರ್ಯವೂ ಇಲ್ಲ.

ನಾನು ಮಂಗಳೂರಿನ ಅತ್ತಾವರದ ಒಂದು ಆಸ್ಪತ್ರೆಯ ಐಸಿಯುನಲ್ಲಿ ಕೆಲಸ ಮಾಡುವವಳು. ಉಸಿರಾಡಲು ಆಗದವರ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರಿಗೆ ಜೋಡಿಸುತ್ತಾರಲ್ಲ, ಆ ಯಂತ್ರ ನೋಡಿಕೊಳ್ಳುವುದು ನನ್ನ ಕಸುಬು. ಎಷ್ಟು ಗಾಳಿ, ಎಷ್ಟು ಒತ್ತಡ ಎಂದು ಹೊಂದಿಸುತ್ತಾ ಇಪ್ಪತ್ತೇಳು ವರ್ಷ ಕಳೆದಿದ್ದೇನೆ. ಹೊಸ ಯಂತ್ರ ಬಂದಾಗ, ಅದನ್ನು ಮಾರಿದ ಕಂಪನಿಯವರು ಇಬ್ಬರನ್ನು ತರಬೇತಿಗೆ ಕಳಿಸಿ ಎಂದರು. ತರಬೇತಿ ನಡೆಯುವುದು ಮೆಡಿಟರೇನಿಯನ್ ಸಮುದ್ರದ ನಡುವಿನ ಸೈಪ್ರಸ್ ದ್ವೀಪದಲ್ಲಿ. ಮಂಗಳೂರಿನ ಯಂತ್ರಕ್ಕೂ ಆ ದ್ವೀಪಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಬಿಟ್ಟಿ ಪ್ರಯಾಣದ ಹಲ್ಲು ಎಣಿಸಲು ನಾನೂ ಹೋಗಲಿಲ್ಲ. ಹಿರಿಯಳೆಂದು ನನ್ನನ್ನು, ಚುರುಕಿನವಳೆಂದು ನಮ್ಮ ಐಸಿಯುನ ಒಬ್ಬ ಹುಡುಗಿಯನ್ನು ಕಳಿಸಿದರು.

ಈ ಹುಡುಗಿ ಸುರತ್ಕಲ್ಲಿನವಳು. ಅಪ್ಪ, ಅಣ್ಣಂದಿರು ಕಡಲಿಗೆ ಹೋಗುವವರು. ಮನೆಯ ಮೀನಿನ ಟೆಂಪೋದಲ್ಲಿ ಡ್ರೈವಿಂಗ್ ಕಲಿತವಳು, ಬಾಯಿಗೆ ಬ್ರೇಕ್ ಇಲ್ಲದವಳು. ನಾನು ಹುಟ್ಟಿದ್ದು ಅರ್ಚಕರ ಮನೆಯಲ್ಲಿ. ಹೊಸ ಬಂದರಿಗೆಂದು ಸರಕಾರ ಜಾಗ ತೆಗೆದುಕೊಂಡಾಗ ಅಜ್ಜನ ಕಾಲದ ಮನೆ, ಬಾವಿ, ತೆಂಗಿನ ಮರ ಎಲ್ಲ ಬಿಟ್ಟುಕೊಟ್ಟು ನಮ್ಮವರು ಕಾಟಿಪಳ್ಳಕ್ಕೆ ಬಂದಿದ್ದರು. ಅಪ್ಪ ಅಲ್ಲೇ ಹತ್ತಿರದ ದೇವಸ್ಥಾನದಲ್ಲಿ ನಲವತ್ತು ವರ್ಷ ಪೂಜೆ ಮಾಡಿದರು. ಕಾಲು ಸೋತ ಮೇಲೆ ಅಣ್ಣ ಮುಂದುವರಿಸಿದ. ನಾನು ಮದುವೆಯಾಗಿ ಅತ್ತಾವರದಲ್ಲಿ ಇದ್ದರೂ ತಿಂಗಳಿಗೆ ಎರಡು ಭಾನುವಾರ ಕಾಟಿಪಳ್ಳದಲ್ಲೇ ಇರುತ್ತಿದ್ದೆ. ಹೊರಡುವ ಮುನ್ನ ಕಾಲಿಗೆ ಬಿದ್ದಾಗ ಅಪ್ಪ ಕೇಳಿದ್ದು ಒಂದೇ ಮಾತು: “ಅಲ್ಲಿ ದೇವಸ್ಥಾನ ಉಂಟಾ?” ಇದ್ದರೆ ನೋಡಿ ಬಂದು ಹೇಳುತ್ತೇನೆ ಎಂದಿದ್ದೆ.

ತರಬೇತಿ ಗುರುವಾರ ಮುಗಿಯಿತು. ಶುಕ್ರವಾರ ಮಧ್ಯಾಹ್ನದ ವಿಮಾನ, ಶನಿವಾರ ಬೆಳಿಗ್ಗೆ ಬಜ್ಪೆ ವಿಮಾನ ನಿಲ್ದಾಣ. ಗುರುವಾರ ಮೂರು ಗಂಟೆಗೆ ಸಮುದ್ರದೆದುರಿನ ಒಂದು ಅಂಗಡಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆವು. ಎದುರಿನ ಗೋಡೆಯಲ್ಲಿ ದ್ವೀಪದ ಭೂಪಟ ತೂಗುಹಾಕಿದ್ದರು. ಹುಡುಗಿ ಎದ್ದು ಹೋಗಿ ಅದನ್ನೇ ನೋಡಿದಳು. ಬೆರಳಲ್ಲಿ ಏನೋ ಅಳೆದಳು. ಬಂದು ಕೂತು ಹೇಳಿದಳು:

“ಅಕ್ಕಾ, ಟಿಕೆಟ್ ಮಂಗಳವಾರಕ್ಕೆ ಹಾಕುವ. ಇಡೀ ದ್ವೀಪ ಅಂದ್ರೆ ನಮ್ಮ ಮಂಗಳೂರಿಂದ ಕಾರವಾರದಷ್ಟು ಉದ್ದವೂ ಇಲ್ಲ ಮಾರಾಯ್ರೆ. ನಮ್ಮ ಹಾಗೇ ಎಡಗಡೆ ಡ್ರೈವಿಂಗ್. ಕಾರು ನಾನು ಬಿಡ್ತೇನೆ. ಎರಡು ಸಾವಿರ ವರ್ಷದ ಊರುಗಳು ದಾರಿ ಬದಿಯಲ್ಲೇ ಉಂಟಂತೆ.”

“ರಜೆ?”

“ನಾನು ಕೇಳ್ತೇನೆ. ನೀವು ಹೂಂ ಹೇಳಿ ಸಾಕು. ಇನ್ನೊಮ್ಮೆ ನಮ್ಮನ್ನು ಇಲ್ಲಿಗೆ ಯಾರು ಕರ್ಕೊಂಡು ಬರ್ತಾರೆ?”

ಐವತ್ತೆರಡು ವರ್ಷದಲ್ಲಿ ನಾನು ಒಂದು ದಿನವೂ ಹೀಗೆ ಕೂತಲ್ಲಿಂದ ಎದ್ದು ಎಲ್ಲಿಗೂ ಹೋದವಳಲ್ಲ. ಧರ್ಮಸ್ಥಳಕ್ಕೆ ಹೋಗುವುದಾದರೂ ನಮ್ಮ ಮನೆಯಲ್ಲಿ ಎಂಟು ದಿನ ಮಾತುಕತೆ. ಅದಕ್ಕೇ ಇರಬೇಕು, ಹೂಂ ಎಂದುಬಿಟ್ಟೆ. ಗಂಡನಿಗೆ ಮೆಸೇಜು ಹಾಕಿದೆ. ಆದರೆ ಅಪ್ಪನಿಗೆ ಹೇಳದೆ ಪ್ರಯಾಣ ಬದಲಿಸುವುದು ನಮ್ಮಲ್ಲಿ ಇಲ್ಲ. ಗಡಿಯಾರ ನೋಡಿದೆ. ನಾಲ್ಕು ಗಂಟೆ. ಅಂದರೆ ಊರಲ್ಲಿ ಆರೂವರೆ, ಅಪ್ಪ ಜಪಕ್ಕೆ ಕೂತಿರುವ ಹೊತ್ತು. ಈಗ ಕರೆದರೆ ಅಪ್ಪ ಮಾತಿಗೆ ಸಿಗುವುದಿಲ್ಲ, ‘ಎಂತಕ್ಕೆ ಸುಮ್ಮನೆ, ಹೊರಟು ಬಾ’ ಎಂದು ಹೇಳಲಿಕ್ಕೂ ಆಗುವುದಿಲ್ಲ ಎಂದು ಲೆಕ್ಕ ಹಾಕಿಯೇ ಅಣ್ಣನಿಗೆ ಫೋನು ಮಾಡಿದೆ. ಈ ಲೆಕ್ಕಾಚಾರವನ್ನು ನಾನು ಇಂದಿಗೂ ಯಾರಿಗೂ ಹೇಳಿಲ್ಲ.

ಅಣ್ಣ ಸಂಜೆಯ ಪೂಜೆಗೆ ಹೊರಡುವುದರಲ್ಲಿದ್ದ. ವಿಷಯ ಕೇಳಿ, “ಹಾಗಾದ್ರೆ ಬರುವಾಗ ಬುಧವಾರ ಆಗ್ತದಾ?” ಎಂದು ವಿಚಾರಿಸಿದ. ಆಮೇಲೆ, “ಅಪ್ಪ ಮಲಗಿದ್ದಾರೆ. ಸ್ವಲ್ಪ ಜ್ವರ, ಕೆಮ್ಮು ಉಂಟು” ಎಂದ.

“ಜೋರು ಉಂಟಾ? ಉಸಿರಾಟ ಹೇಗುಂಟು?”

“ಎಂತ ಇಲ್ಲ. ಡಾಕ್ಟರು ನೋಡಿ ಹೋಗಿದ್ದಾರೆ. ನೀನು ಹೋಗಿ ಬಾ. ನಾನು ಹೇಳ್ತೇನೆ ಅಪ್ಪನಿಗೆ.”

ಎಂಬತ್ತೆರಡು ವರ್ಷದವರಿಗೆ ಜ್ವರ, ಕೆಮ್ಮು, ಅದೂ ಜಪದ ಹೊತ್ತಿಗೆ ಮಲಗಿದ್ದಾರೆ ಎಂದರೆ ಬೇರೆ ಯಾರ ಮನೆಯವರಿಗಾದರೂ ನಾನು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ಎಷ್ಟೆಂದು ನೋಡಿ, ನಿಮಿಷಕ್ಕೆ ಎಷ್ಟು ಉಸಿರು ಎಣಿಸಿ ಎಂದು ಗದರುತ್ತಿದ್ದೆ. ಅಂದು ಎರಡೇ ಪ್ರಶ್ನೆ ಕೇಳಿ, ಸಿಕ್ಕಿದ ಉತ್ತರಕ್ಕೆ ಜೋತುಬಿದ್ದು ಫೋನಿಟ್ಟೆ. ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದು ಅಣ್ಣನ ಬಗ್ಗೆ ಪ್ರೀತಿಯೂ ಬಂತು.

ಶುಕ್ರವಾರ ಬೆಳಿಗ್ಗೆ ಒಂದು ಪುಟ್ಟ ಬಿಳಿ ಕಾರು ಸಿಕ್ಕಿತು. ಅಲ್ಲಿ ಬಾಡಿಗೆ ಕಾರಿಗೆ ಕೆಂಪು ನಂಬರ್ ಪ್ಲೇಟು. ಅದನ್ನು ಕಂಡರೆ ಊರವರು ದೂರ ಸರಿದು ದಾರಿ ಬಿಡುತ್ತಾರೆ, ದಾರಿ ತಿಳಿಯದ ಪರದೇಶಿಗಳೆಂದು. “ನಮ್ಮ ಪಂಪ್‌ವೆಲ್ ಸರ್ಕಲ್ಲಿನಲ್ಲಿ ಎಲ್ಲರಿಗೂ ಕೆಂಪು ಪ್ಲೇಟು ಕೊಡ್ಬೇಕು” ಎಂದಳು ಹುಡುಗಿ. ಮೊದಲು ನಿಂತದ್ದು ಒಂದು ಗುಡ್ಡದ ಇಳಿಜಾರಿನಲ್ಲಿ. ಖಿರೊಕಿಟಿಯಾ ಎಂಬ ಹೆಸರು. ಒಂಬತ್ತು ಸಾವಿರ ವರ್ಷದ ಹಿಂದಿನ ಊರಂತೆ. ಉಳಿದಿರುವುದು ಒಂದಕ್ಕೊಂದು ಅಂಟಿಕೊಂಡ ದುಂಡನೆಯ ಕಲ್ಲಿನ ಪಾಯಗಳು, ಬಾವಿಕಟ್ಟೆಗಳ ಹಾಗೆ. ಅಲ್ಲಿನವರು ಸತ್ತವರನ್ನು ಮನೆಯ ನೆಲದಲ್ಲೇ ಹೂಳುತ್ತಿದ್ದರು, ಕೆಲವರ ಮೇಲೆ ದೊಡ್ಡ ಕಲ್ಲು ಇಡುತ್ತಿದ್ದರು ಎಂದು ಬೋರ್ಡಿನಲ್ಲಿ ಬರೆದಿತ್ತು.

“ಎದ್ದು ಬರ್ಬಾರ್ದು ಅಂತಲಾ ಅಕ್ಕಾ?”

“ಎದ್ದು ಹೋಗ್ಬಾರ್ದು ಅಂತ ಇರ್ಬಹುದು” ಎಂದೆ ನಾನು.

ನಗು ಬಂತು. ಹೆಣ ಅಂಗಳ ದಾಟುವ ತನಕ ಒಲೆ ಹಚ್ಚದ ನಮ್ಮ ಮನೆಯವರಿಗೆ ಇದನ್ನು ಹೇಳಬೇಕು, ಅಪ್ಪನ ಮುಖ ನೋಡಬೇಕು ಎಂದುಕೊಂಡೆ. ಹೊಟ್ಟೆಯೂ ಉರಿಯಿತು. ಯಾರೋ ಹೆಸರಿಲ್ಲದವರ ಪಾಯಕ್ಕೆ ಇಲ್ಲಿ ಹಗ್ಗ ಕಟ್ಟಿ, ನೆರಳಿಗೆ ಮಾಡು ಹಾಕಿ, ಟಿಕೆಟು ಇಟ್ಟು ಕಾಯುತ್ತಿದ್ದಾರೆ. ನಮ್ಮ ಅಪ್ಪ ಹುಟ್ಟಿದ ಮನೆಯ ಒಂದು ಕಲ್ಲು ತೋರಿಸಿ ಎಂದರೆ ಬಂದರಿನ ಗೇಟಿನಿಂದ ಒಳಗೆ ಬಿಡುವುದಿಲ್ಲ. ಪಾಯದ ಫೋಟೋಗಳನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅಣ್ಣ, ಅತ್ತಿಗೆ, ನನ್ನ ಗಂಡ, ಚಿಕ್ಕಪ್ಪನ ಮಕ್ಕಳು, ಸೋದರತ್ತೆಯ ಮಕ್ಕಳು ಸೇರಿ ಇಪ್ಪತ್ತಮೂರು ಜನ ಇರುವ ಗ್ರೂಪು ಅದು. ಅಂದು ಏಳೆಂಟು ಮಂದಿ ಹೆಬ್ಬೆರಳು ತೋರಿಸಿದರು.

ಶನಿವಾರ ಕೂರಿಯಾನ್ ಎಂಬಲ್ಲಿಗೆ ಹೋದೆವು. ಸಮುದ್ರದ ಮೇಲಿನ ಬಂಡೆಯ ನೆತ್ತಿಯಲ್ಲಿ ರೋಮನರ ಕಾಲದ ರಂಗಮಂದಿರ. ಅರ್ಧಚಂದ್ರದಂತೆ ಕಲ್ಲಿನ ಮೆಟ್ಟಿಲುಗಳು, ಎದುರಿಗೆ ಬರೀ ನೀಲಿ. ಹುಡುಗಿ ಕೆಳಗೆ ನಟ್ಟನಡುವೆ ನಿಂತು, ಮೇಲಿನ ಕೊನೆಯ ಮೆಟ್ಟಿಲಿನಲ್ಲಿದ್ದ ನನ್ನನ್ನು ತುಳುವಿನಲ್ಲಿ, “ಅಕ್ಕಾ, ಕೇಣುಂಡಾ?” ಎಂದು ಕೇಳಿದಳು, ಕೇಳಿಸುತ್ತದಾ ಎಂದು. ಕೂಗಲೂ ಇಲ್ಲ, ಮಾಮೂಲಿ ದನಿ. ಕಿವಿಯ ಪಕ್ಕದಲ್ಲಿ ಹೇಳಿದಷ್ಟು ಸ್ಪಷ್ಟ. ನಾನು ಎದ್ದುನಿಂತು ಎರಡೂ ಕೈ ಎತ್ತಿ, “ಕೇಣುಂಡು!” ಎಂದು ಕಿರುಚಿದೆ. ಯಾರೋ ಜರ್ಮನ್ ಮುದುಕರು ಚಪ್ಪಾಳೆ ತಟ್ಟಿದರು. ನಾನು ಆ ದಿನ ಸಂತೋಷವಾಗಿದ್ದೆ. ಅದನ್ನು ಬರೆಯದೆ ಬಿಟ್ಟರೆ ಮೋಸವಾಗುತ್ತದೆ. ಮಕ್ಕಳಾದಾಗಲೂ ಅಷ್ಟು ಹಗುರವಾಗಿದ್ದ ನೆನಪಿಲ್ಲ.

ಭಾನುವಾರ ಬೆಳಿಗ್ಗೆ ಪಾಫೋಸ್ ಊರಿನ ಹೊರಗೆ, ‘ರಾಜರ ಗೋರಿಗಳು’ ಎಂದು ಅವರು ಕರೆಯುವ ಜಾಗದಲ್ಲಿದ್ದೆವು. ರಾಜರು ಯಾರೂ ಅಲ್ಲಿಲ್ಲವಂತೆ, ಶ್ರೀಮಂತರನ್ನು ಹೂಳಿದ್ದಂತೆ. ಬಂಡೆಯನ್ನು ಕೆಳಕ್ಕೆ ಕೊರೆದು ಅಂಗಳ, ಸುತ್ತ ಕಂಬಗಳು, ಕಂಬಗಳ ಹಿಂದೆ ಗೋಡೆಯಲ್ಲಿ ಮನುಷ್ಯನುದ್ದದ ಗೂಡುಗಳು. ನಮ್ಮ ಕಡೆಯ ತೊಟ್ಟಿಮನೆಯನ್ನು ನೆಲದೊಳಗೆ ಇಳಿಸಿದಂತಿತ್ತು. ಬಿಸಿಲಿನಿಂದ ಇಳಿದು ಹೋದಾಗ ಹಾಯೆನಿಸುವ ತಂಪು. “ಮಲಗಿ ಅಕ್ಕಾ, ಒಂದು ಫೋಟೋ ತೆಗೀತೇನೆ” ಎಂದಳು ಹುಡುಗಿ. ನಾನು ಒಂದು ಗೂಡಿನೊಳಗೆ ಅಂಗಾತ ಮಲಗಿ, ಎದೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿದೆ. ಹಾಗೆ ಮಲಗಬಾರದು ಎಂದು ಅನಿಸಿತು. ಆದರೂ ಮಲಗಿದೆ. ಆ ಫೋಟೋವನ್ನು ಗ್ರೂಪಿಗೆ ಹಾಕಿ ಕೆಳಗೆ ಬರೆದೆ: ‘ಅಪ್ಪಾ, ಇಲ್ಲಿ ಎ.ಸಿ. ಬೇಡ, ಭಾರೀ ತಂಪುಂಟು. ನನಗೊಂದು ಜಾಗ ಹಿಡಿದಿದ್ದೇನೆ.’ ಅಪ್ಪನ ಹತ್ತಿರ ಅಂಥ ಫೋನಿಲ್ಲ. ಅತ್ತಿಗೆ ತೋರಿಸುತ್ತಾರೆ, ಅಪ್ಪ ‘ಬುದ್ಧಿ ಇಲ್ಲದವಳು’ ಎಂದು ನಗುತ್ತಾರೆ ಎಂದು ನನ್ನ ಎಣಿಕೆ.

ಹತ್ತು ನಿಮಿಷ ಕಳೆದರೂ ಒಬ್ಬರೂ ಉತ್ತರಿಸಲಿಲ್ಲ. ನೋಡಿದವರ ಪಟ್ಟಿ ಮಾತ್ರ ಉದ್ದವಾಗುತ್ತಾ ಹೋಯಿತು. ನನಗೆ ಕಿರಿಕಿರಿಯಾಗಿ ಅಣ್ಣನಿಗೆ ಫೋನು ಮಾಡಿದೆ. ಮೊದಲನೆಯ ರಿಂಗಿಗೇ ಎತ್ತಿದ. ಹಿಂದೆ ಜನರ ಸದ್ದು ಕೇಳುತ್ತಿತ್ತು.

“ಫೋಟೋ ನೋಡಿದ್ಯಾ? ಅಪ್ಪನಿಗೆ ತೋರಿಸಿದ್ರಾ?”

“ನೋಡಿದೆ.”

“ಎಂತ ಗಲಾಟೆ ಅಲ್ಲಿ?”

“ಜನ ಬಂದಿದ್ದಾರೆ. ಮತ್ತೆ ಮಾತಾಡುವ. ನೀನು ಹುಷಾರಾಗಿ ತಿರುಗಿ ಬಾ.”

ಫೋನಿಟ್ಟ. ನಾನು ಮುಂದಿನ ಗೋರಿಯ ಮೆಟ್ಟಿಲು ಇಳಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಅಲ್ಲಿ ಆಗ ಒಂಬತ್ತೂವರೆ, ಊರಲ್ಲಿ ಹನ್ನೆರಡು, ಮಹಾಪೂಜೆಯ ಹೊತ್ತು. ಆ ಹೊತ್ತಿಗೆ ಅಣ್ಣ ಗರ್ಭಗುಡಿಯಲ್ಲಿ ಇರುತ್ತಾನೆ, ಅವನ ಫೋನು ಮನೆಯ ಟಿವಿಯ ಮೇಲೆ ಇರುತ್ತದೆ. ಅಪ್ಪನ ಕಾಲದಿಂದಲೂ ಹಾಗೆಯೇ, ಮಹಾಪೂಜೆಯ ಹೊತ್ತಿಗೆ ಅರ್ಚಕ ಯಾರ ಕರೆಗೂ ಸಿಗುವವನಲ್ಲ. ಜ್ವರ ಬಂದರೂ ಮಿಂದು ಹೋಗುತ್ತಾನೆ. ಅವನು ಆ ಹೊತ್ತಿಗೆ ಮನೆಯಲ್ಲಿ ಕೂತು ಫೋನು ಎತ್ತುತ್ತಾನೆ ಎಂದರೆ ಕಾರಣ ಒಂದೇ: ದೇವರನ್ನು ಮುಟ್ಟುವ ಹಾಗಿಲ್ಲ, ಮನೆಗೆ ಸೂತಕ ಬಂದಿದೆ. ಅರ್ಚಕರ ಮನೆಯಲ್ಲಿ ಹುಟ್ಟಿದ ಐದು ವರ್ಷದ ಮಗುವಿಗೂ ಇದು ಗೊತ್ತು. ನನಗೆ ಆ ದಿನ ಹೊಳೆಯಲಿಲ್ಲ. ಫೋನೆತ್ತಿದನಲ್ಲ ಎಂದು ಖುಷಿಯಾಯಿತು, ಅಷ್ಟೇ. ಸದಾ ಯಂತ್ರದ ಅಂಕಿಗಳಲ್ಲಿ ಸಣ್ಣ ಏರುಪೇರನ್ನೂ ಹಿಡಿಯುವವಳು ಎಂದು ಆಸ್ಪತ್ರೆಯಲ್ಲಿ ನನಗೆ ಹೆಸರಿದೆ.

ಸೋಮವಾರವೂ ಗ್ರೂಪಿನಲ್ಲಿ ಸದ್ದಿಲ್ಲ. ಗಂಡ ಮಾತ್ರ ಪ್ರತಿ ಫೋಟೋಕ್ಕೂ ಒಂದು ಹೆಬ್ಬೆರಳು ಹಾಕುತ್ತಿದ್ದರು. ಹೊಟ್ಟೆಕಿಚ್ಚು ಇವರಿಗೆಲ್ಲ, ಹೆಣ್ಣುಮಗಳೊಬ್ಬಳು ತಿರುಗಿದರೆ ಸಹಿಸುವುದಿಲ್ಲ ಎಂದು ಹುಡುಗಿಯ ಹತ್ತಿರ ಬೈದುಕೊಂಡೆ. ಹಾಗೆ ಬೈದದ್ದೂ ಈಗ ನೆನಪಿಗೆ ಬರುತ್ತದೆ.

ವಾಪಸು ಬರುವ ದಾರಿಯಲ್ಲಿ ಕೂಕ್ಲಿಯಾ ಎಂಬ ಹಳ್ಳಿಯಲ್ಲಿ ಹಳೆಯ ದೇವಾಲಯದ ಅವಶೇಷ ಇತ್ತು. ಪ್ರೇಮದ ದೇವತೆಯ ಗುಡಿಯಂತೆ. ಬಿಳಿ ಅಮೃತಶಿಲೆಯ ಬೆತ್ತಲೆ ಹೆಂಗಸು ಇರುತ್ತಾಳೆ ಎಂದುಕೊಂಡು ಒಳಗೆ ಹೋದರೆ, ಮ್ಯೂಸಿಯಮ್ಮಿನ ನಡುವೆ ನನ್ನ ಎದೆಯೆತ್ತರದ ಒಂದು ಕರಿ ಕಲ್ಲು. ಮೂಗಿಲ್ಲ, ಕಣ್ಣಿಲ್ಲ, ಮೇಲಕ್ಕೆ ಹೋಗುತ್ತಾ ಸಪುರವಾದ ಬರೀ ಕಲ್ಲು. ಜನ ಹಡಗಿನಲ್ಲಿ ಬಂದು ಪೂಜಿಸುತ್ತಿದ್ದುದು ಅದನ್ನೇ. ನನಗೆ ಮೈ ಜುಮ್ಮೆಂದಿತು. ಚಪ್ಪಲಿ ಕಳಚಿ, ಕೈ ಮುಗಿದು, ಅಪ್ಪ ಕಲಿಸಿದ್ದ ಒಂದು ಶ್ಲೋಕ ಹೇಳಿ, ಮೂರು ಸುತ್ತು ಬಂದೆ. ಕಾವಲಿನ ಹೆಂಗಸು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಅಪ್ಪನಿಗೆ ಹೇಳಲು ಕೊನೆಗೂ ಒಂದು ದೇವಸ್ಥಾನ ಸಿಕ್ಕಿತ್ತು. ಕಲ್ಲಿನ ಎತ್ತರವನ್ನು ನನ್ನ ಕೈಯಿಂದ ಅಳೆದುಕೊಂಡೆ. ಯಾಕೆಂದರೆ ಅಪ್ಪ ಅದನ್ನು ಕೇಳದೆ ಬಿಡುವವರಲ್ಲ. ವಿಮಾನದಲ್ಲಿ ಕೂತು, ಎಲ್ಲಿಂದ ಶುರುಮಾಡಬೇಕು, ಏನನ್ನು ಕೊನೆಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ.

ಬುಧವಾರ ಬೆಳಿಗ್ಗೆ ಬಜ್ಪೆಯಲ್ಲಿ ಹುಡುಗಿಯನ್ನು ಅವಳ ಅಣ್ಣ ಕರೆದುಕೊಂಡು ಹೋದ, ನನಗೆ ಗಂಡ ಕಾಯುತ್ತಿದ್ದರು. ಪೆಟ್ಟಿಗೆ ಎತ್ತಿಟ್ಟರು. ಮನೆಗೆ ಹೋಗಲು ಕಾವೂರಿನ ಕಡೆ ಇಳಿಯುವ ಬದಲು ಕಾರನ್ನು ಸುರತ್ಕಲ್ ಕಡೆಗೆ ತಿರುಗಿಸಿದರು. “ಮೊದಲು ಕಾಟಿಪಳ್ಳಕ್ಕೆ ಹೋಗಿ ಬರುವ” ಎಂದರು. ನನ್ನ ಮನಸ್ಸು ತಿಳಿದವರು ಎಂದು ನಾನು ದಾರಿಯುದ್ದಕ್ಕೂ ಕರಿ ಕಲ್ಲಿನ ಕಥೆ ಹೇಳಿದೆ. ಅವರು ಹೂಂ ಹೂಂ ಎನ್ನುತ್ತಾ ಕಾರು ಬಿಟ್ಟರು.

ಅಂಗಳಕ್ಕೆ ಇಳಿದಾಗ ಹತ್ತು ಗಂಟೆ. ಜಗಲಿಯಲ್ಲಿ ಅಣ್ಣ ಚಾಪೆಯ ಮೇಲೆ ಕೂತಿದ್ದ. ತಲೆ ಬೋಳಾಗಿತ್ತು. ಆದರೆ ನಾನು ಮೊದಲು ನೋಡಿದ್ದು ತಲೆಯನ್ನಲ್ಲ. ಹತ್ತು ಗಂಟೆಗೆ ಅಣ್ಣ ಮನೆಯಲ್ಲಿದ್ದಾನೆ ಎಂಬುದೇ ಕಣ್ಣಿಗೆ ಬಿತ್ತು. ಭಾನುವಾರ ಹನ್ನೆರಡಕ್ಕೆ ಅವನು ಫೋನು ಎತ್ತಿದ್ದೂ ಆಗಲೇ ಹೊಳೆಯಿತು.

“ಯಾವಾಗ?” ಎಂದೆ.

“ಆದಿತ್ಯವಾರ, ಬೆಳಗಿನ ಜಾವ.”

ನಾನು ಅಂಗಳದಲ್ಲೇ ಕೂತೆ. ಅತ್ತೆನೋ, ಬೈದೆನೋ ನೆನಪಿಲ್ಲ. ನೆನಪಿರುವುದು ಅಣ್ಣನ ದನಿ. ಊರವರಿಗೆ ಪಂಚಾಂಗ ನೋಡಿ ಹೇಳುವಾಗ ಬರುವ ಅದೇ ದನಿ: “ಮದುವೆಯಾದ ಹೆಣ್ಣುಮಕ್ಕಳಿಗೆ ಮೂರು ದಿನ. ಕೇಳಿದ ದಿನದಿಂದ ಲೆಕ್ಕ. ಇವತ್ತು, ನಾಳೆ, ನಾಡಿದ್ದು. ಶನಿವಾರ ಬೆಳಿಗ್ಗೆ ಮಿಂದರೆ ಆಯ್ತು. ಮತ್ತಿನ ಕ್ರಿಯೆಗೆಲ್ಲ ನಿನಗೆ ತೊಂದರೆ ಇಲ್ಲ. ತಿರುಗಿದ್ದು, ಎಲ್ಲಾದರೂ ದೇವರಿಗೆ ಕೈ ಮುಗಿದಿದ್ರೆ ಅದು, ಎಲ್ಲ ಗೊತ್ತಿಲ್ಲದೆ ಆದದ್ದು. ದೋಷ ಇಲ್ಲ.” ಎಲ್ಲವನ್ನೂ ಶಾಸ್ತ್ರಕ್ಕೆ ಸರಿಯಾಗಿ ಹೊಂದಿಸಿ ಇಟ್ಟಿದ್ದ. ಅಪ್ಪನ ಮುಖ ನೋಡುವುದು, ಬಾಯಿಗೆ ಒಂದು ಚಮಚ ನೀರು ಬಿಡುವುದು ಮಾತ್ರ ಅವನ ಲೆಕ್ಕದಲ್ಲಿ ಇರಲಿಲ್ಲ.

ಆ ಮೂರು ದಿನ ನಾನು ಆ ಮನೆಯಲ್ಲೇ ಒಂದು ಮೂಲೆಯಲ್ಲಿ ಕೂತೆ. ಗಂಡನ ಫೋನು ಕಿತ್ತುಕೊಂಡು ನೋಡಿದೆ. ಶನಿವಾರ ಸಂಜೆ ಹೊಸ ಗ್ರೂಪೊಂದು ಹುಟ್ಟಿತ್ತು. ಇಪ್ಪತ್ತಮೂರರಲ್ಲಿ ನನ್ನನ್ನು ಬಿಟ್ಟು ಇಪ್ಪತ್ತೆರಡು ಮಂದಿ. ಅಪ್ಪನಿಗೆ ಉಸಿರು ಏರುತ್ತಿದೆ, ಮಾತು ಕಡಿಮೆಯಾಗಿದೆ, ಯಾರು ಯಾವಾಗ ಬರುತ್ತೀರಿ, ಎಲ್ಲ ಅಲ್ಲಿತ್ತು. ಭಾನುವಾರ ಮಧ್ಯಾಹ್ನ ಯಾರೋ ಗೋರಿಯಲ್ಲಿ ಮಲಗಿದ ನನ್ನ ಫೋಟೋವನ್ನು ಅಲ್ಲಿಗೆ ದಾಟಿಸಿದ್ದರು. ಕೆಳಗೆ ಚಿಕ್ಕಪ್ಪನ ಮಗಳೊಬ್ಬಳು, ‘ಅಯ್ಯೋ ಪಾಪ, ಯಾರೂ ಏನೂ ಹಾಕಬೇಡಿ’ ಎಂದು ಬರೆದಿದ್ದಳು. ಅಪ್ಪನನ್ನು ಹಾಲ್‌ನಲ್ಲಿ ದರ್ಭೆಯ ಮೇಲೆ ಮಲಗಿಸಿದ್ದ ಹೊತ್ತದು. ಸುತ್ತ ಕೂತವರೆಲ್ಲ ತಮ್ಮ ತಮ್ಮ ಫೋನಿನಲ್ಲಿ ನನ್ನನ್ನು ನೋಡಿದ್ದಾರೆ. ಗಂಡನೂ ಅಲ್ಲೇ ನಿಂತು ನನಗೆ ಹೆಬ್ಬೆರಳು ಹಾಕಿದ್ದರು. “ದೂರದಲ್ಲಿ ಒಬ್ಬಳೇ ಅಳುದು ಬೇಡ, ಬಂದ ಮೇಲೆ ಹೇಳುವ ಅಂತ ನನ್ನ ಹತ್ತಿರ ಮಾತು ತಗೊಂಡಿದ್ದ ನಿನ್ನಣ್ಣ. ನಾನು ಎಂತ ಮಾಡ್ಲಿ?” ಎಂದರು. ಅವರ ಜೊತೆ ನಾನು ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಗುರುವಾರ ಅತ್ತಿಗೆ ಗಂಜಿ ತಂದಿಟ್ಟು, ನನ್ನ ಮುಖ ನೋಡಲಾಗದೆ ಆಚೆ ತಿರುಗಿ ಹೇಳಿದರು: “ಶನಿವಾರ ಎರಡು ಸಲ ಕೇಳಿದ್ರು ಮಾವ. ಅವಳು ಬಂದಳಾ ಅಂತ.” ಅಷ್ಟು ಹೇಳಿ ಒಳಗೆ ಹೋದರು. ಆ ಗಂಜಿ ಹಾಗೇ ಆರಿತು. ಶುಕ್ರವಾರದ ವಿಮಾನ ಹತ್ತಿದ್ದರೆ ಶನಿವಾರ ಇಡೀ ದಿನ ನಾನು ಅಪ್ಪನ ತಲೆದೆಸೆಯಲ್ಲಿ ಇರುತ್ತಿದ್ದೆ. ಅಪ್ಪ ನನ್ನನ್ನು ಕೇಳುತ್ತಿದ್ದಾಗ ನಾನು ಕಲ್ಲಿನ ಮೆಟ್ಟಿಲ ಮೇಲೆ ನಿಂತು ಕೇಣುಂಡು, ಕೇಣುಂಡು ಎಂದು ಕಿರುಚುತ್ತಿದ್ದೆ. ಇಡೀ ರಾತ್ರಿ ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ಮಸೆದೆ.

ಶುಕ್ರವಾರ ಮಧ್ಯಾಹ್ನ ಅಣ್ಣ ಊಟ ಮುಗಿಸಿ ಜಗಲಿಗೆ ಬಂದಾಗ ಕೇಳಿದೆ. “ಯಾಕೆ ಹೇಳ್ಲಿಲ್ಲ? ಗುರುವಾರ ನಾನೇ ಫೋನ್ ಮಾಡಿದ್ದೆ. ಒಂದು ಮಾತು, ಬಾ ಅಂತ ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ ಇತ್ತು?”

ಅವನು ಬೋಳುತಲೆ ತಡವಿಕೊಂಡ. ಹಿಂಜರಿಯದೆ ಹೇಳಿದ.

“ನೀನು ಬಂದಿದ್ರೆ ಅಪ್ಪನನ್ನು ಇಲ್ಲಿ ಬಿಡ್ತಿದ್ಯಾ? ಹೇಳು. ಆಂಬುಲೆನ್ಸಿನಲ್ಲಿ ಹಾಕಿ ಅತ್ತಾವರಕ್ಕೆ ಕೊಂಡು ಹೋಗ್ತಿದ್ದೆ. ಟ್ಯೂಬ್ ಹಾಕಿಸ್ತಿದ್ದೆ. ಅಮ್ಮನಿಗೆ ಮಾಡಿದ ಹಾಗೆ.”

ಅಮ್ಮ ತೀರಿಕೊಂಡು ಆರು ವರ್ಷ. ಅವರಿಗೂ ನ್ಯುಮೋನಿಯಾ. ನಾನೇ ಕರೆದುಕೊಂಡು ಹೋಗಿ ನಮ್ಮ ಐಸಿಯುನಲ್ಲಿ ಸೇರಿಸಿದ್ದೆ, ನನ್ನ ಕೈಯಾರೆ ಯಂತ್ರ ಹೊಂದಿಸಿದ್ದೆ. ಹತ್ತೊಂಬತ್ತು ದಿನ. ಅಮ್ಮ ಗಂಟಲಿನ ಟ್ಯೂಬನ್ನು ಎಳೆಯುತ್ತಾರೆಂದು ಎರಡೂ ಕೈಯನ್ನು ಬಟ್ಟೆಯ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದೆವು. ಎಲ್ಲರಿಗೂ ಹಾಗೆಯೇ ಮಾಡುತ್ತೇವೆ. ಅಪ್ಪ ದಿನಾ ಬಸ್ಸು ಹಿಡಿದು ಬರುತ್ತಿದ್ದರು. ಐದು ನಿಮಿಷ ಒಳಗೆ ಬಿಡುತ್ತಿದ್ದರು. ಅವರು ಅಮ್ಮನ ಮುಖ ನೋಡುತ್ತಿರಲಿಲ್ಲ, ಮಣಿಕಟ್ಟನ್ನೇ ನೋಡುತ್ತಿದ್ದರು. ಒಂದು ದಿನ, “ಸ್ವಲ್ಪ ಬಿಚ್ಚಲಿಕ್ಕೆ ಆಗುದಿಲ್ಲವಾ?” ಎಂದು ಕೇಳಿದರು. “ಬಿಚ್ಚಿದ್ರೆ ಎಳೀತಾರೆ ಅಪ್ಪಾ” ಎಂದೆ. ಅಮ್ಮ ಆ ಕಟ್ಟಿನಲ್ಲೇ ಹೋದರು. ಅಪ್ಪ ಆಮೇಲೆ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದಷ್ಟು ಮಾಡಿದೆವು ಎಂದು ನಾನು ನಂಬಿಕೊಂಡಿದ್ದೆ.

“ನನಗೆ ಅದು ಬೇಡ ಅಂತ ಅಪ್ಪ ಹೇಳಿದ್ರು” ಎಂದ ಅಣ್ಣ. “ಬುಧವಾರ ಜ್ವರ ಬಂದಾಗಲೇ ಹೇಳಿದ್ರು. ನೀನು ಗುರುವಾರ ಫೋನ್ ಮಾಡಿ ಬರುದಿಲ್ಲ ಅಂದಾಗ ನನಗೆ ಜೀವ ಬಂದ ಹಾಗಾಯ್ತು.”

ನನ್ನ ಕೈಯಲ್ಲಿ ಒಂದೇ ಒಂದು ಕಲ್ಲು ಇತ್ತು. ಅದನ್ನೇ ಎಸೆದೆ. “ಸುಳ್ಳು! ಅಪ್ಪ ನನ್ನನ್ನು ಕೇಳಿದ್ದಾರೆ. ಎರಡು ಸಲ ಕೇಳಿದ್ದಾರೆ. ಅತ್ತಿಗೆಯನ್ನೇ ಕೇಳು!”

ಅಣ್ಣ ಬಾಗಿಲ ಕಡೆ ನೋಡಿದ. ಅತ್ತಿಗೆ ಅಲ್ಲಿ ನಿಂತಿದ್ದರು.

“ಪೂರ್ತಿ ಹೇಳು ಅವಳಿಗೆ” ಎಂದ.

“ಬೇಡ.”

“ಹೇಳಿ ಅತ್ತಿಗೆ” ಎಂದೆ ನಾನು.

ಅತ್ತಿಗೆ ಸೆರಗಿನ ತುದಿ ಹಿಂಡುತ್ತಾ ಹೇಳಿದರು. “ಕೇಳಿದ್ದು ಹೌದು. ಅವಳು ಬಂದಳಾ ಅಂತ. ಬರಲಿಲ್ಲ ಮಾವ, ಅವಳು ದೂರ ಇದ್ದಾಳೆ, ಬರುವಾಗ ಬುಧವಾರ ಆಗ್ತದೆ ಅಂದೆ. ನಂಬಿಕೆ ಆಗ್ಲಿಲ್ಲವೋ ಎಂತದೋ, ಸ್ವಲ್ಪ ಹೊತ್ತು ಬಿಟ್ಟು ಪುನಃ ಕೇಳಿದ್ರು. ಇಲ್ಲ ಮಾವ, ಖಂಡಿತ ಬರುದಿಲ್ಲ ಅಂದೆ. ಆಗ ಕೈ ಹೊರಗೆ ತೆಗೆದ್ರು. ಬೆಳಿಗ್ಗೆಯಿಂದ ಎರಡೂ ಕೈಯನ್ನು ಚಾದರದ ಒಳಗೆ ಗಟ್ಟಿ ಹಿಡ್ಕೊಂಡಿದ್ರು. ನೀರು ಕೊಟ್ರೂ ಹೊರಗೆ ತೆಗೀತಿರ್ಲಿಲ್ಲ.”

ಮರುದಿನ ಬಾವಿಕಟ್ಟೆಯಲ್ಲಿ ಮಿಂದೆ, ಅಣ್ಣ ಹೇಳಿದಂತೆ ಎಲ್ಲ ಕ್ರಿಯೆಗಳಿಗೂ ಕೂತೆ, ಹದಿಮೂರನೇ ದಿನದ ಊಟ ಬಡಿಸಿದೆ, ಆಮೇಲೆ ಅತ್ತಾವರಕ್ಕೆ ಹೋಗಿ ಡ್ಯೂಟಿಗೆ ಸೇರಿದೆ. ಅಣ್ಣನ ಮೇಲಿನ ಸಿಟ್ಟು ಈಗಲೂ ಇದೆ. ಹೋಗಲಿ ಬಿಡು ಎಂದು ಎಲ್ಲರೂ ಹೇಳುತ್ತಾರೆ. ನಾನು ಬಿಡುವುದಿಲ್ಲ. ಆ ಸಿಟ್ಟನ್ನು ಬಿಟ್ಟರೆ ನನ್ನ ಪಾಲಿಗೆ ಉಳಿಯುವುದು ಚಾದರದ ಒಳಗಿನ ಆ ಎರಡು ಕೈಗಳು ಮಾತ್ರ.